ಒಣಗಿದ ಬತ್ತಿ

ನಮ್ಮ ಬಾಲ್ಕನಿಯ ಮೂಲೆಯಲ್ಲಿ, ಒಣಹಾಕಿದ ಬಟ್ಟೆಗಳ ಹಿಂದೆ, ಕಂದು ಬಣ್ಣದ ಒಂದು ಪಿಂಗಾಣಿ ವಸ್ತುವನ್ನು ಹಗ್ಗದಿಂದ ತೂಗುಹಾಕಿದ್ದೇನೆ. ಚಹಾದ ಕಪ್ಪಿನಡಿ ಇಡುವಂಥ ದೊಡ್ಡ ಬಶಿಯೊಂದನ್ನು ಬೋರಲು ಹಾಕಿ ನೆತ್ತಿಗೆ ಕಬ್ಬಿಣದ ಟೊಪ್ಪಿಗೆ ತೊಡಿಸಿದರೆ ಹೇಗೋ ಹಾಗಿದೆ. ಅಡಿಯಲ್ಲಿ ಉಂಗುರದೊಳಗೆ ಉಂಗುರದಂತೆ ಏಣುಗಳು, ನಡುವೆ ಒಂದು ಕಬ್ಬಿಣದ ಗೂಟ. ಮೇಲಿನ ಮನೆಗೆ ಬಾಡಿಗೆಗೆ ಬಂದ ಮೈಸೂರಿನ ಹುಡುಗಿ, ಕಂಪ್ಯೂಟರ್ ಕಂಪನಿಯವಳು, ಮೊದಲ ಸಲ ಬಂದಾಗ ಅದನ್ನು ಸುತ್ತಿ ಸುತ್ತಿ ನೋಡಿ, "ಆಂಟಿ, ಈ ಆ್ಯಂಟಿಕ್ ಪೀಸ್ ಎಲ್ಲಿ ತಗೊಂಡ್ರಿ? ಸಖತ್ತಾಗಿದೆ" ಎಂದಳು. ಇದು ಕರೆಂಟಿನ ಗೋಪುರಕ್ಕೆ ತೂಗುಹಾಕುವ ಇನ್ಸುಲೇಟರು, ತಂತಿಯ ಕರೆಂಟು ಗೋಪುರಕ್ಕೆ ಇಳಿಯದಂತೆ ತಡೆಯುತ್ತದೆ ಎಂದು ಹೇಳಿದೆ. ಪಾಪ, ಅವಳ ಮುಖ ಸಪ್ಪಗಾಯಿತು.

ಮೊನ್ನೆ ಮೇ ತಿಂಗಳ ಒಂದು ಸಂಜೆ ಇಬ್ಬರೂ ಚಹಾ ಕುಡಿಯುತ್ತಿದ್ದಾಗ ಪುಣೆಯಾಚೆ ಸಿಂಹಗಡದ ಕಡೆ ಗುಡುಗಿತು. ದೀಪ ಒಮ್ಮೆ ಆರಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮತ್ತೆ ಹತ್ತಿತು. ಯಾಕೆ ಹೀಗೆ ಹೋಗಿ ಹೀಗೆ ಬರುತ್ತದೆ ಎಂದು ಅವಳು ಕೇಳಿದಳು. ಎಲ್ಲೋ ಒಂದು ತಂತಿಗೆ ಸಿಡಿಲು ಬಡಿದಿದೆ, ಅಲ್ಲಿನ ಇನ್ಸುಲೇಟರು ತನ್ನ ಮೈಮೇಲಿನ ಗಾಳಿಯಲ್ಲಿ ಅದನ್ನು ಹಾರಲು ಬಿಟ್ಟು ತಾನು ಉಳಿದುಕೊಂಡಿದೆ, ಲೈನು ಒಂದು ಗಳಿಗೆ ಬಂದಾಗಿ ತಾನೇ ಶುರುವಾಗಿದೆ ಎಂದೆ. ಅವಳು ಬಾಲ್ಕನಿಯ ಬಶಿಯನ್ನು ಮೊದಲ ಸಲ ಮರ್ಯಾದೆಯಿಂದ ನೋಡಿದಳು. ಎದ್ದು ಹೋಗಿ ಚಹಾದ ಚಮಚದಿಂದ ಅದಕ್ಕೆ ಮೆಲ್ಲಗೆ ಬಡಿದಳು. ಅದು ಠಣ್ ಎಂದು ಬಹಳ ಹೊತ್ತು ಮೊಳಗಿತು. ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಅವಳಿಗೆ ಹೇಳದೆ ಉಳಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ಓದು ಮುಗಿಸಿ, ಒಂದು ಟ್ರಂಕು ಒಂದು ಹಾಸಿಗೆ ಸುರುಳಿ ಹಿಡಿದು ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಳಿದಾಗ ನನಗೆ ಇಪ್ಪತ್ಮೂರು. ಖಡಕಿ ದಾಟಿ ಆಚೆ ಒಂದು ಇನ್ಸುಲೇಟರ್ ಕಾರ್ಖಾನೆಯಿತ್ತು. ಈಗ ಅಲ್ಲಿ ಹದಿನೆಂಟು ಮಹಡಿಯ ಕಟ್ಟಡಗಳು ಎದ್ದಿವೆ, ಆ ಜಾಗದ ಮಣ್ಣಲ್ಲಿ ಎಷ್ಟು ಪಿಂಗಾಣಿ ಚೂರು ಹೂತಿವೆ ಎಂದು ಅಲ್ಲಿರುವವರಿಗೆ ಗೊತ್ತಿಲ್ಲ. ಅಲ್ಲಿ ನನ್ನ ಕೆಲಸ ಸಿಡಿಲು ಹೊಡೆಯುವುದು. ಮನೆಗೆ ಪತ್ರ ಬರೆದಾಗ ಹಾಗೆಯೇ ಬರೆದಿದ್ದೆ, ಅವ್ವ ಗಾಬರಿಯಾಗಿ ಉತ್ತರ ಬರೆಸಿದ್ದಳು.

ಟೆಸ್ಟಿಂಗ್ ಹಾಲು ಎಂದರೆ ಮೂರಾಳೆತ್ತರದ ಒಂದು ದೊಡ್ಡ ಗೋದಾಮು. ನಡುವೆ ಸಿಡಿಲಿನ ಯಂತ್ರ. ಕರೆಂಟು ತುಂಬಿಟ್ಟುಕೊಳ್ಳುವ ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸಿದ ಗೋಪುರ ಅದು. ಡಬ್ಬಿಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿ ನಿಧಾನವಾಗಿ ತುಂಬಿಸುತ್ತಿದ್ದೆವು, ಆಮೇಲೆ ಒಂದೇ ಹೊಡೆತಕ್ಕೆ ಒಂದರ ತಲೆಯ ಮೇಲೆ ಒಂದಾಗಿ ಖಾಲಿ ಮಾಡಿಸುತ್ತಿದ್ದೆವು. ಎಲ್ಲದರ ಜೋರೂ ಕೂಡಿ ತೂಗುಬಿಟ್ಟ ಬಶಿಯ ಮೇಲೆ ಬೀಳುತ್ತಿತ್ತು. ದಿನನಿತ್ಯದ ವೋಲ್ಟೇಜು ಬಾಗಿಲಿಗೆ ಒರಗಿ ನಿಂತ ಮನುಷ್ಯನಂತೆ, ಭಾರ ಹಾಕಿ ಸುಮ್ಮನಿರುತ್ತದೆ. ಸಿಡಿಲಿನದು ಕಪಾಳಮೋಕ್ಷ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಶಿಖರಕ್ಕೇರಿ, ಬಂದದ್ದು ತಿಳಿಯುವ ಮೊದಲೇ ಹೋಗಿಬಿಡುತ್ತದೆ. ಅಷ್ಟರಲ್ಲಿ ಬಶಿ ತಡೆದುಕೊಳ್ಳಬೇಕು.

ತಡೆದುಕೊಳ್ಳಲಾಗದಿದ್ದರೆ ಏನು ಮಾಡಬೇಕು ಎಂಬುದೇ ನಮ್ಮ ವಿದ್ಯೆ. ಹೊಡೆತ ಹೆಚ್ಚಾದಾಗ ಕಿಡಿ ಬಶಿಯ ಹೊರಮೈ ಸುತ್ತಿ ಗಾಳಿಯಲ್ಲೇ ಹಾರಿ ಟೊಪ್ಪಿಗೆಯಿಂದ ಗೂಟಕ್ಕೆ ಜಿಗಿಯಬೇಕು. ಫಟ್ ಎಂದು ನೀಲಿ ಬೆಳಕು, ಮೂಗಿಗೆ ಖಾರವಾದ ವಾಸನೆ, ಹೊಳಪಿನ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ. ಬಶಿಗೆ ಏನೂ ಆಗಿರುವುದಿಲ್ಲ, ಮುಂದಿನ ಹೊಡೆತಕ್ಕೆ ಸಿದ್ಧ. ಅದು ಫ್ಲ್ಯಾಶ್‌ಓವರು. ಆದರೆ ಕಿಡಿ ಹೊರಗೆ ದಾರಿ ಹುಡುಕದೆ ಪಿಂಗಾಣಿಯ ಒಡಲನ್ನೇ ಸೀಳಿಕೊಂಡು ಹೋದರೆ ಅದು ಪಂಕ್ಚರು. ಟೊಪ್ಪಿಗೆಯ ಒಳಗೆ ಸೂಜಿಮೊನೆಯಷ್ಟು ತೂತು ಬಿದ್ದಿರುತ್ತದೆ, ಹೊರಗಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿರುತ್ತದೆ. ಕೆಳಗೆ ನಿಂತು ದುರ್ಬೀನು ಹಾಕಿ ನೋಡಿದರೂ ಸತ್ತದ್ದು ಯಾವುದು ಬದುಕಿದ್ದು ಯಾವುದು ತಿಳಿಯುವುದಿಲ್ಲ. ಆದ್ದರಿಂದ ಹದಿನೈದು ಹೊಡೆತದಲ್ಲಿ ಒಂದೋ ಎರಡೋ ಸಲ ಹೊರಗೆ ಹಾರಿದರೆ ಮಾಫಿ, ಮೂರನೆಯದಕ್ಕೆ ನಪಾಸು. ಒಳಗೆ ಒಂದೇ ಒಂದು ಸಲ ಹೋದರೂ ನಪಾಸು. ಪ್ಲಸ್ ಕರೆಂಟಿನ ಹದಿನೈದು ಧನ, ಮೈನಸ್ಸಿನ ಹದಿನೈದು ಋಣ, ಒಟ್ಟು ಮೂವತ್ತು ಏಟು ಒಂದೊಂದಕ್ಕೂ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರಾದರೂ ಯಂತ್ರದ ಸುತ್ತಲಿನ ತಂತಿಯ ಬೇಲಿಯ ಬಾಗಿಲು ತೆರೆದಿಟ್ಟರೆ, ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿನ ಕೋಲು ಸಿಕ್ಕಿಸದೆ ಯಂತ್ರದ ಹತ್ತಿರ ಹೋದರೆ, ನಾನು ಕಿರುಚಿದ್ದು ಕ್ಯಾಂಟೀನಿನವರೆಗೆ ಕೇಳುತ್ತಿತ್ತಂತೆ. ಐದು ನಿಮಿಷದಲ್ಲಿ ಎಲ್ಲಾ ಮರೆತು ಅವರ ಜೊತೆಯೇ ವಡಾಪಾವ್ ತಿನ್ನುತ್ತಿದ್ದೆ. ಹಾಲಿನ ಮರಾಠಿ ಜನ ನನಗೆ ಫ್ಲ್ಯಾಶ್‌ಓವರ್ ಬಾಯಿ ಎಂದು ಹೆಸರಿಟ್ಟಿದ್ದರು, ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ಎದುರಿಗೇ ಕರೆಯುತ್ತಿದ್ದರು, ನಾನೂ ಓಗೊಡುತ್ತಿದ್ದೆ.

ಆ ಕಾರ್ಖಾನೆಯಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವರು ಒಬ್ಬರೇ. ಪಿಂಗಾಣಿ ಸುಡುವ ಭಟ್ಟಿಯ ಫೋರ್‌ಮನ್ನು, ಬೆಳಗಾವಿಯ ಕಡೆ ಖಾನಾಪುರದವರು, ಅಪ್ಪ ಅಜ್ಜಂದಿರೆಲ್ಲ ಗಡಿಗೆ ಮಾಡಿದವರು. ಎಲ್ಲರಿಗೂ ಅವರು ಕಾಕಾ. ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ವಯಸ್ಸಿನಲ್ಲಿ ನಾನು ಅವರ ಮಗಳಿಗಿಂತ ಚಿಕ್ಕವಳು. ಮಧ್ಯಾಹ್ನ ಹಾಲಿನ ಹೊರಗಿನ ಕಟ್ಟೆಯ ಮೇಲೆ ಅವರು ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುತ್ತಿದ್ದರು, ನಾನು ನನ್ನ ಹಾಸ್ಟೆಲಿನ ಪೋಳಿ ಭಾಜಿ, ಅಂದರೆ ಚಪಾತಿ ಪಲ್ಯ, ಬಿಚ್ಚುತ್ತಿದ್ದೆ. ಎರಡು ತುತ್ತಿನ ನಂತರ ಡಬ್ಬಿಗಳು ಅದಲುಬದಲಾಗುತ್ತಿದ್ದವು. ಊರಿಗೆ ಹೋಗಿ ಬಂದರೆ ಕುಂದಾ ತರುತ್ತಿದ್ದರು, ಅದರಲ್ಲಿ ನನ್ನ ಪಾಲನ್ನು ಬೇರೆಯೇ ಕಟ್ಟಿರುತ್ತಿದ್ದರು. ಪುಣೆ ನನ್ನ ಊರಾದದ್ದು ಆ ಕಟ್ಟೆಯ ಮೇಲೆ. ಇವತ್ತಿಗೂ ಶೇಂಗಾ ಹುರಿಯುವ ವಾಸನೆ ಬಂದರೆ ನನಗೆ ಹಸಿವಿಗಿಂತ ಮೊದಲು ಕಾಕಾ ನೆನಪಾಗುತ್ತಾರೆ.

ಕಾಕಾ ಹತ್ತಿರ ಸಾಗವಾನಿ ಮರದ ಸುತ್ತಿಗೆ, ಒಂದು ಚಿಕ್ಕ ಕೊಡತಿ ಇತ್ತು. ಭಟ್ಟಿಯಿಂದ ಬಂದ ಪ್ರತಿ ಬಶಿಗೂ ಅದರಿಂದ ಒಂದು ಏಟು ಹಾಕಿ, ತಲೆ ವಾಲಿಸಿ ಕೇಳುತ್ತಿದ್ದರು. ಒಡಲು ಗಟ್ಟಿಯಿದ್ದರೆ ಠಣ್ ಎನ್ನುತ್ತದೆ. ಬಿರುಕಿದ್ದರೆ ಥಪ್ ಎನ್ನುತ್ತದೆ, ಅದನ್ನು ನೋಡದೆ ಪಕ್ಕಕ್ಕೆ ತಳ್ಳುತ್ತಿದ್ದರು. ದಿನಕ್ಕೆ ನೂರಾರು. ಅವರು ಪಾಸು ಮಾಡಿದ್ದನ್ನೇ ನಾವು ಹಾಲಿನಲ್ಲಿ ಮತ್ತೆ ಪರೀಕ್ಷೆ ಮಾಡುವುದು ಅವರಿಗೆ ತಮಾಷೆಯಾಗಿ ಕಾಣುತ್ತಿತ್ತು. ಬಾರಿಸಿ ಕೇಳುವುದು ಗಡಿಗೆಯ ಸಂತೆಯಲ್ಲಿ ಸರಿ, ಸಿಡಿಲಿಗೆ ಸಾಲದು ಎಂದು ನಾನು ವಾದಿಸುತ್ತಿದ್ದೆ. ಒಮ್ಮೆ ಕೊಡತಿಯನ್ನು ನನ್ನ ಕೈಗೆ ಕೊಟ್ಟು ನೀವೂ ಕೇಳಿ ನೋಡಿ ಎಂದರು. ನನ್ನ ಹತ್ತಿರ ಮೀಟರು ಇದೆ ಎಂದು ವಾಪಸು ಕೊಟ್ಟೆ. ನನ್ನ ಪರೀಕ್ಷೆ ನೋಡಲು ಬನ್ನಿ ಎಂದು ಎಷ್ಟು ಕರೆದರೂ ಅವರೂ ಹಾಲಿನ ಒಳಗೆ ಕಾಲಿಡಲಿಲ್ಲ.

"ನನ್ನ ಕೂಸಿಗೆ ನೀವು ಹೊಡಿಯೂದು ನಾ ಯಾಕ ನೋಡ್ಲಿ?" ಎನ್ನುತ್ತಿದ್ದರು.

ಅವರ ನಿವೃತ್ತಿಯ ವರ್ಷ ಮುಂಬಯಿ ದಾರಿಯ ಲೋಣಾವಳಾ ಘಾಟಿಗೆ ಹೊಸ ಲೈನು ಹಾಕುವ ಕೆಲಸ ಬಂತು. ಅಲ್ಲಿ ಮಳೆಗಾಲವೆಂದರೆ ನಾಲ್ಕು ತಿಂಗಳು ಮೋಡದೊಳಗೇ ಬದುಕು, ಸಿಡಿಲಿಗೆ ಬಿಡುವಿಲ್ಲ. ನಮ್ಮಲ್ಲಿ ಎರಡು ಭಟ್ಟಿಗಳಿದ್ದವು, ಎರಡರಿಂದಲೂ ಒಂದೊಂದು ಲಾಟು ಬಶಿ ಮಾಡಿ ತೇರ್ಗಡೆಯಾದದ್ದನ್ನು ಕಳಿಸುವುದೆಂದು ತೀರ್ಮಾನವಾಯಿತು. ಕಾಕಾ ತಮ್ಮ ಭಟ್ಟಿಯ ಮಣ್ಣನ್ನು ತಾವೇ ಜರಡಿ ಹಿಡಿಸಿದರು, ಬೆಂಕಿಯನ್ನು ಮೂರು ದಿನ ತಾವೇ ಕಾದರು. ಅವರ ಆಸೆ ನನಗೊಬ್ಬಳಿಗೇ ಹೇಳಿದ್ದರು. ಮಗಳು ಮುಂಬಯಿಯಲ್ಲಿದ್ದಳು. ನಿವೃತ್ತಿಯಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ರೈಲಿನಲ್ಲಿ ಮಗಳ ಮನೆಗೆ ಹೋಗಬೇಕು, ಕಿಟಕಿ ಪಕ್ಕ ಕೂರಿಸಿ ಘಾಟಿನಲ್ಲಿ ಗೋಪುರ ಬಂದಾಗ ತೋರಿಸಬೇಕು. ಮೂವತ್ತೈದು ವರ್ಷ ಮಾಡಿದ ಬಶಿಗಳು ಗುಜರಾತಿಗೋ ಬಿಹಾರಕ್ಕೋ ಹೋಗಿಬಿಟ್ಟಿದ್ದವು, ಒಂದನ್ನೂ ಕಂಬದ ಮೇಲೆ ಕಂಡಿರಲಿಲ್ಲ.

"ಆಕಿ ಇವತ್ತಿನ ತನಕ ನಾ ಏನ ಕೆಲಸ ಮಾಡ್ತೀನಿ ಅಂತ ನೋಡೇ ಇಲ್ರಿ ಅಕ್ಕಾರ. ಒಮ್ಮೆ ನೋಡ್ಲಿ," ಎಂದರು.

ಇನ್ನೊಂದು ಭಟ್ಟಿಯ ಲಾಟು ಏಪ್ರಿಲಿನಲ್ಲಿ ಬಂತು, ಪಾಸಾಯಿತು. ಕಾಕಾ ಲಾಟು ಮೇ ತಿಂಗಳಲ್ಲಿ ನನ್ನ ಹಾಲಿಗೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು, ಸ್ವಲ್ಪ ತಾಳ್ಮೆ ಇರಲಿ. ಗಾಳಿ ದಿನಾ ಒಂದೇ ತರಹ ಇರುವುದಿಲ್ಲ. ಪುಣೆ ಎತ್ತರದ ಊರು, ಗಾಳಿ ತುಸು ತೆಳು, ತೆಳುಗಾಳಿಯಲ್ಲಿ ಕಿಡಿ ಬೇಗ ಹಾರುತ್ತದೆ. ಗಾಳಿಯಲ್ಲಿ ನೀರಿನ ಪಸೆ ಹೆಚ್ಚಿದ್ದರೆ, ಎಲ್ಲರೂ ತಿಳಿದಿರುವುದಕ್ಕೆ ಉಲ್ಟಾ, ಕಿಡಿ ಹಾರುವುದು ಕಷ್ಟ. ಆದ್ದರಿಂದ ಅವತ್ತಿನ ಗಾಳಿ ನೋಡಿ ಹೊಡೆತದ ಜೋರು ಗೊತ್ತುಮಾಡಬೇಕು. ಪಸೆ ಹೆಚ್ಚಿದ್ದ ದಿನ ಜೋರಾಗಿ ಹೊಡೆಯಬೇಕು, ಒಣ ದಿನ ಕಡಿಮೆ. ಪಸೆ ಅಳೆಯಲು ಗೋಡೆಯ ಮೇಲೆ ಎರಡು ಥರ್ಮಾಮೀಟರು. ಒಂದು ಬರಿದು. ಇನ್ನೊಂದರ ಬುಡಕ್ಕೆ ಅರಿವೆಯ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ನೀರಿನ ಸಣ್ಣ ಶೀಶೆಯಲ್ಲಿ ಇಳಿಬಿಟ್ಟಿರುತ್ತದೆ. ಒಣಗಾಳಿಯಲ್ಲಿ ಬತ್ತಿಯ ನೀರು ಆರುತ್ತಾ ಪಾದರಸ ಕೆಳಗಿಳಿಯುತ್ತದೆ. ಎರಡೂ ಒಂದೇ ಅಂಕಿ ತೋರಿಸಿದರೆ ಗಾಳಿ ನೀರಿನಿಂದ ತುಂಬಿ ತುಳುಕುತ್ತಿದೆ ಎಂದರ್ಥ. ಶೀಶೆಗೆ ದಿನಾ ಬೆಳಿಗ್ಗೆ ನೀರು ಹಾಕುವುದು ನನ್ನ ಕೆಲಸ. ಬತ್ತಿಯನ್ನೂ ನಾನೇ ನನ್ನ ಹಳೆಯ ಹತ್ತಿ ಸೀರೆಯ ಸೆರಗಿನಿಂದ ಕತ್ತರಿಸಿ ಹಾಕಿದ್ದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ವಾರ ಹಾಲಿನ ಮುಖ್ಯಸ್ಥರ ಜಾಗ ಖಾಲಿಯಾಗುವುದಿತ್ತು. ಅದು ನನಗೇ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ತಲೆ ಅಲ್ಲಿತ್ತು. ಶೀಶೆಯಲ್ಲಿ ನೀರು ತೀರಿದ್ದನ್ನು ನೋಡಲೇ ಇಲ್ಲ. ಸೋಮವಾರ ಮೋಡ ಬೇರೆ ಕವಿದಿತ್ತು. ಎರಡು ಥರ್ಮಾಮೀಟರೂ ಒಂದೇ ಅಂಕಿ ತೋರಿಸಿದಾಗ, ಮಳೆ ಹತ್ತಿರ ಬಂತು ಎಂದುಕೊಂಡು ಬರೆದುಕೊಂಡೆ. ಲೆಕ್ಕ ಹಾಕಿ ಹೊಡೆತದ ಜೋರು ಏರಿಸಿದೆ. ಕಾಕಾ ಬಶಿಗಳು ಹೊಡೆತ ಬಿದ್ದಂತೆಲ್ಲ ನೀಲಿ ಬೆಳಕು ಕಕ್ಕಿದವು. ಮೂರು, ನಾಲ್ಕು, ಐದು ಸಲ ಹಾರಿದವು. ನಿಯಮದ ಪ್ರಕಾರ ಮರುದಿನ ಎರಡರಷ್ಟು ಬಶಿ ತೆಗೆದುಕೊಂಡು ಮತ್ತೆ ಪರೀಕ್ಷೆ ಮಾಡಿದೆವು, ಅದೇ ಒಣ ಬತ್ತಿ, ಅದೇ ತಪ್ಪು ಜೋರು. ಅವೂ ನಪಾಸು. ಕಾರ್ಖಾನೆಯ ಸಾಹೇಬರು ವರದಿಗೆ ಸಹಿ ಹಾಕಿದರು.

ಕಟ್ಟೆಯ ಮೇಲೆ ಕಾಕಾಗೆ ನಾನೇ ಹೇಳಿದೆ. ಹೇಗೆ ಹೇಳಿದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಿಮ್ಮ ಕಿವಿಯನ್ನು ನಂಬಿಕೊಂಡು ಲೈನು ಎಳೆಯಲಾಗುವುದಿಲ್ಲ ಎಂದೆ. ಅವರು ರೊಟ್ಟಿ ಮಡಚಿ ಡಬ್ಬಿಯೊಳಗಿಟ್ಟು, ಕೈ ತೊಳೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಪಾಸಾದ ಲಾಟು ಯಾರದೋ ಕೈಗೆ ಸಿಕ್ಕಿ ಯಾವುದೋ ಕಂಬ ಏರಬಾರದೆಂದು ನಮ್ಮಲ್ಲಿ ಒಂದು ರೂಢಿ. ಮಾಡಿದವನೇ ಒಡೆಯಬೇಕು. ಹಾಲಿನ ಹಿಂದಿನ ಅಂಗಳದಲ್ಲಿ ದೊಡ್ಡ ಸುತ್ತಿಗೆ ಹಿಡಿದು ಕಾಕಾ ಗುರುವಾರ ಮಧ್ಯಾಹ್ನ ಶುರು ಮಾಡಿದರು. ಅವರ ಭಟ್ಟಿಯ ಇಬ್ಬರು ಆಳುಗಳು ಬಶಿ ಎತ್ತಿಕೊಡುತ್ತಿದ್ದರು. ನನ್ನ ಕೋಣೆಯ ಕಿಟಕಿ ಆ ಅಂಗಳಕ್ಕೇ ತೆರೆಯುತ್ತಿತ್ತು. ಅವರು ಪ್ರತಿ ಬಶಿಗೂ ಮೊದಲು ಎಡಗೈಯ ಕೊಡತಿಯಿಂದ ಒಮ್ಮೆ ಬಾರಿಸುತ್ತಿದ್ದರು, ರೂಢಿ ಬಿಡಲಿಲ್ಲವೋ ಏನೋ. ಠಣ್. ಆಮೇಲೆ ಬಲಗೈಯ ಸುತ್ತಿಗೆ. ಸಂಜೆಯವರೆಗೂ ಅದೇ, ಒಂದು ಠಣ್, ಒಂದು ಸುತ್ತಿಗೆ. ಸಾವಿರಕ್ಕೆ ಹತ್ತಿರ ಬಶಿಗಳಿದ್ದವು. ಥಪ್ ಎಂದದ್ದು ಒಂದೂ ನನಗೆ ಕೇಳಿಸಲಿಲ್ಲ, ಆದರೆ ಮೀಟರಿನವಳು ನಾನು, ಅದಕ್ಕೆ ಅರ್ಥ ಹುಡುಕಲಿಲ್ಲ.

ಶುಕ್ರವಾರ ಬೆಳಿಗ್ಗೆ ಊಟದ ಡಬ್ಬಿ ಕಟ್ಟುವ ಅರಿವೆಯಲ್ಲಿ ಚಟ್ನಿ ಸೋರಿತ್ತು. ತೊಳೆದು ಕಿಟಕಿಯ ಸರಳಿಗೆ ಹಾಕಿದೆ. ರಜಿಸ್ಟರಿನಲ್ಲಿ ಎರಡು ಸಾಲು ಬರೆದು ತಲೆ ಎತ್ತುವಷ್ಟರಲ್ಲಿ ಅದು ಒಣಗಿ ಗಾಳಿಗೆ ಹಾರಾಡುತ್ತಿತ್ತು. ಹಪ್ಪಳ ಒಣಗಿಸುವ ಗಾಳಿ, ಮೇ ತಿಂಗಳ ಪುಣೆಯ ಗಾಳಿ. ನನ್ನ ರಜಿಸ್ಟರಿನಲ್ಲಿ ಮಾತ್ರ ವಾರವಿಡೀ ಶ್ರಾವಣ. ಎದ್ದು ಹೋಗಿ ಥರ್ಮಾಮೀಟರಿನ ಬತ್ತಿ ಮುಟ್ಟಿದೆ. ಗರಿಗರಿಯಾಗಿತ್ತು. ಶೀಶೆಯ ತಳದಲ್ಲಿ ಸತ್ತ ಇರುವೆಯೊಂದು ಅಂಟಿಕೊಂಡಿತ್ತು.

ಕೆಳಗೆ ಸುತ್ತಿಗೆಯ ಸದ್ದು ಕೇಳುತ್ತಲೇ ಇತ್ತು. ಅರ್ಧ ಲಾಟು ಇನ್ನೂ ಉಳಿದಿತ್ತು, ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ, ಕಿಟಕಿಯಿಂದ ಕಾಣುವ ಹಾಗೆ. ನಾನು ಅಲ್ಲಿಂದಲೇ ಕೂಗಿದ್ದರೆ ಸಾಕಿತ್ತು. ಎಲ್ಲದಕ್ಕೂ ಕೂಗುತ್ತಿದ್ದವಳು ಆವತ್ತು ಕೂಗಲಿಲ್ಲ. ಮೊದಲು ಲೆಕ್ಕ ಸರಿಯಾಗಿ ನೋಡೋಣ ಎಂದುಕೊಂಡೆ. ನೋಡಿದೆ. ನೀರು ತುಂಬಿದ ಬತ್ತಿಯಿದ್ದರೆ ಎಷ್ಟು ಜೋರು ಹೊಡೆಯಬೇಕಿತ್ತೋ ಅದಕ್ಕಿಂತ ಎಷ್ಟೋ ಹೆಚ್ಚು ಹೊಡೆದಿದ್ದೆ. ಮತ್ತೊಮ್ಮೆ ಲೆಕ್ಕ ಮಾಡಿದೆ. ಅದೇ ಉತ್ತರ ಬಂತು. ಮೂರನೆಯ ಸಲ ಮಾಡಿದ್ದಕ್ಕೆ ಲೆಕ್ಕದ ಅನುಮಾನ ಕಾರಣವಲ್ಲ, ಅದು ನನಗೆ ಆಗಲೇ ಗೊತ್ತಿತ್ತು. ಸಾಹೇಬರ ಮುಖ, ಖಾಲಿಯಾಗುವ ಜಾಗ, ಕಟ್ಟೆಯ ಮೇಲೆ ಆಡಿದ ಮಾತು, ಎಲ್ಲಾ ಕಣ್ಣೆದುರು ನಿಂತವು. ಭಯವಾಯಿತು. ಸದ್ದು ತಡೆಯಲಾಗದೆ ಎದ್ದು ಕಿಟಕಿ ಮುಚ್ಚಿದೆ. ಮುಚ್ಚಿದ ಕಿಟಕಿಯೊಳಗೆ ಒಂಬತ್ತರಿಂದ ಹನ್ನೆರಡರ ತನಕ ಕೂತಿದ್ದೆ.

ದೂರದ ಕಾರ್ಖಾನೆಯ ಹನ್ನೆರಡರ ಭೋಂಗಾ ಕೂಗಿದಾಗ ಕೆಳಗಿನ ಸದ್ದು ನಿಂತಿತು. ಊಟಕ್ಕೆ ನಿಲ್ಲಿಸಿದರು ಎಂದುಕೊಂಡು ಕಿಟಕಿ ತೆರೆದೆ. ಪೆಟ್ಟಿಗೆಗಳೆಲ್ಲ ಖಾಲಿಯಿದ್ದವು. ಆಗ ಓಡಿದೆ. ಮೆಟ್ಟಿಲು ಎರಡೆರಡಾಗಿ ಹಾರಿ, ಚಪ್ಪಲಿ ಒಂದು ದಾರಿಯಲ್ಲೇ ಬಿದ್ದು, ಏದುಸಿರು ಬಿಡುತ್ತಾ ಅಂಗಳಕ್ಕೆ ಬಂದೆ. ಮೊಣಕಾಲೆತ್ತರ ಕಂದು ಚೂರುಗಳ ರಾಶಿ, ಅದರ ಮುಂದೆ ಕಾಕಾ ಸುತ್ತಿಗೆಯ ಹಿಡಿಗೆ ಒರಗಿ ಕೂತಿದ್ದರು. ಬತ್ತಿ ಒಣಗಿತ್ತು, ತಪ್ಪು ನನ್ನದು, ನಿಮ್ಮ ಬಶಿಗಳಲ್ಲಿ ದೋಷವಿರಲಿಲ್ಲ ಎಂದು ಹೇಳಿದೆ. ಹೇಳುತ್ತಾ ಅತ್ತೆ.

ಅವರು ಸುತ್ತಿಗೆಯನ್ನು ನೆಲಕ್ಕಿಟ್ಟರು. ಆಮೇಲೆ ತಮ್ಮ ಊಟದ ಚೀಲಕ್ಕೆ ಕೈ ಹಾಕಿ, ಟವೆಲಿನಲ್ಲಿ ಸುತ್ತಿದ ಒಂದು ಬಶಿ ಹೊರತೆಗೆದರು.

"ಇದನ್ನ ಒಡೀಲಿಕ್ಕೆ ಕೈ ಬರಲಿಲ್ರಿ. ಕಳವು ಮಾಡೀನಿ ಅಂತ ತಿಳ್ಕೋರಿ," ಎಂದರು. "ಬರ್ರಿ, ಇದಕ್ಕ ನಿಮ್ಮ ಪರೀಕ್ಷಾ ಮಾಡ್ರಿ. ಸರಿಯಾಗಿ ಮಾಡ್ರಿ."

ಮೊದಲ ಸಲ ಅವರು ಹಾಲಿನೊಳಗೆ ಬಂದರು. ಹೊಸ ಬತ್ತಿ ಕತ್ತರಿಸಿ ಶೀಶೆಗೆ ನೀರು ತುಂಬಿದೆ. ಪಾದರಸ ಇಳಿಯುವವರೆಗೆ ಇಬ್ಬರೂ ಗೋಡೆಯನ್ನೇ ನೋಡುತ್ತಾ ನಿಂತೆವು. ಅದು ಇಳಿದೇ ಇಳಿಯಿತು, ನನ್ನ ಮಾನವೂ ಅದರ ಜೊತೆ ಇಳಿಯಿತು. ಬಶಿಯನ್ನು ತೂಗುಬಿಟ್ಟು, ಬೇಲಿಯ ಬಾಗಿಲು ಹಾಕಿ, ಅವರ ಕಿವಿಗೆ ಮುಚ್ಚಳ ಹಾಕಲು ಹೋದೆ. ಬೇಡವೆಂದರು. ಮೊದಲ ಹೊಡೆತಕ್ಕೆ ಅವರ ಭುಜ ಅದುರಿತು. ಆಮೇಲೆ ಪ್ರತಿ ಹೊಡೆತಕ್ಕೂ ಬಾಯೊಳಗೆ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸತೊಡಗಿದರು. ಧನದ ಹದಿನೈದರಲ್ಲಿ ಒಮ್ಮೆಯೂ ಹಾರಲಿಲ್ಲ. ಋಣದಲ್ಲಿ ಒಂಬತ್ತನೆಯದಕ್ಕೆ ಒಂದು ಸಲ ನೀಲಿ ಬೆಳಕು ಹೊರಮೈ ಸುತ್ತಿ ಹಾರಿತು. ಅವರು ನನ್ನ ತೋಳು ಹಿಡಿದರು. ಒಂದು ಸಲಕ್ಕೆ ಮಾಫಿ ಇದೆ, ಅದು ಹೊರಗೆ ಹೋಯಿತು, ಒಳಗಲ್ಲ ಎಂದು ಹೇಳಿದೆ. ಹದಿನೈದನೆಯದು ಮುಗಿದ ಮೇಲೆ ಅರ್ಥಿನ ಕೋಲು ಸಿಕ್ಕಿಸಿ ಬಾಗಿಲು ತೆರೆದೆ. ಅವರು ಒಳಗೆ ಹೋಗಿ ಬಶಿಯ ಮೈಮೇಲೆ ಮೂಡಿದ್ದ ತೆಳು ಕಪ್ಪು ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದರು. ಜೇಬಿನಿಂದ ಕೊಡತಿ ತೆಗೆದು ನನ್ನ ಕೈಗೆ ಕೊಟ್ಟರು. ಈ ಸಲ ವಾಪಸು ಕೊಡಲಿಲ್ಲ. ಬಾರಿಸಿದೆ. ಅಷ್ಟು ದೊಡ್ಡ ಹಾಲಿನಲ್ಲಿ ಅದು ಮೊಳಗಿದ್ದನ್ನು ನಾನು ನಿಂತು ಪೂರ್ತಿ ಕೇಳಿದೆ.

ಮಧ್ಯಾಹ್ನವೇ ನನ್ನ ಕೈಯಿಂದಲೇ ವರದಿ ಬರೆದೆ. ತಪ್ಪು ನನ್ನದು, ಭಟ್ಟಿಯದಲ್ಲ ಎಂದು ಬರೆದೆ. ತಪ್ಪು ತಿಳಿದ ಸಮಯ ಎಂಬ ಜಾಗದಲ್ಲಿ ಪೆನ್ನು ನಿಂತಿತು. ಹನ್ನೆರಡು ಗಂಟೆ ಎಂದು ಬರೆದು ಸಹಿ ಹಾಕಿದೆ.

ಸಾಹೇಬರು ಮರಾಠಿಯಲ್ಲಿ ಒಂದು ತಾಸು ಬೈದರು, ಲಿಖಿತ ತಾಕೀತು ಬಂತು, ಮುಖ್ಯಸ್ಥರ ಜಾಗ ಇನ್ನೊಬ್ಬರಿಗೆ ಹೋಯಿತು. ಅದಕ್ಕೆ ನಾನು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಘಾಟಿಗೆ ಇನ್ನೊಂದು ಭಟ್ಟಿಯ ಬಶಿಗಳೇ ಹೋದವು, ಬೇರೆ ಲಾಟು ಸುಡಲು ಸಮಯವಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಆ ಹಾಲಿನಲ್ಲೇ ದುಡಿದೆ. ದಿನಾ ಬೆಳಿಗ್ಗೆ ಮೊದಲು ಬತ್ತಿ ಮುಟ್ಟಿ, ಆಮೇಲೆ ಚಪ್ಪಲಿ ಬಿಡುತ್ತಿದ್ದೆ. ಹೊಸಬರು ನಗುತ್ತಿದ್ದರು. ಪಿಂಗಾಣಿ ಹೋಗಿ ರಬ್ಬರಿನ ಇನ್ಸುಲೇಟರು ಬಂದವು, ಅವಕ್ಕೆ ಬಡಿದರೆ ಸದ್ದೇ ಇಲ್ಲ. ಪಸೆ ಅಳೆಯಲು ಅಂಕಿ ಮೂಡುವ ಡಬ್ಬಿ ಬಂತು. ಭಟ್ಟಿಗಳು ಆರಿದವು, ಕಾರ್ಖಾನೆ ಮುಚ್ಚಿತು. ಕಾಕಾ ತೀರಿಕೊಂಡ ಸುದ್ದಿ ಖಾನಾಪುರದಿಂದ ತಡವಾಗಿ ಬಂತು.

ಮುಂಬಯಿಗೆ ಹೋಗುವಾಗಲೆಲ್ಲ ನಾನು ಕಿಟಕಿಯ ಪಕ್ಕವೇ ಕೂರುತ್ತೇನೆ. ಲೋಣಾವಳಾದಲ್ಲಿ ಎಲ್ಲರೂ ಚಿಕ್ಕಿ ಕೊಳ್ಳಲು ಇಳಿದರೆ ನಾನು ಕುತ್ತಿಗೆ ಚಾಚಿ ಮೋಡದಲ್ಲಿ ಗೋಪುರ ಹುಡುಕುತ್ತೇನೆ. ಕಂದು ಬಶಿಗಳ ಸರ ಮಳೆಯಲ್ಲಿ ತೊಯ್ದು ಹೊಳೆಯುತ್ತಿರುತ್ತದೆ. ಒಳ್ಳೆಯ ಬಶಿಗಳೇ, ಸಿಡಿಲು ತಡೆಯುತ್ತಲೇ ಇವೆ. ಆದರೆ ಅವು ಕಾಕಾ ಮಾಡಿದವಲ್ಲ. ಅರ್ಧ ಲಾಟು ಉಳಿದಿದ್ದರೂ ಒಂದೆರಡು ಗೋಪುರಕ್ಕಾದರೂ ಸಾಲುತ್ತಿತ್ತು ಎಂದು ಪ್ರತಿ ಸಲವೂ ಲೆಕ್ಕ ಹಾಕುತ್ತೇನೆ. ಒಂದು ಗೋಪುರ ಸಾಕಿತ್ತು ಅವರ ಹೆಂಡತಿಗೆ ತೋರಿಸಲು.

ಕಾಕಾ ನಿವೃತ್ತರಾಗಿ ಊರಿಗೆ ಹೊರಟ ದಿನ ನಾನು ಸ್ವಾರಗೇಟಿಗೆ ಹೋಗಿದ್ದೆ. ಬೆಳಗಾವಿಯ ಬಸ್ಸು, ಮೇಲೆ ಟ್ರಂಕು, ಹಾಸಿಗೆ, ಒಂದು ಹೊಲಿಗೆ ಯಂತ್ರ. ಹೆಂಡತಿ ಆಗಲೇ ಒಳಗೆ ಕೂತು ಕಿಟಕಿಯಿಂದ ನನ್ನನ್ನು ನೋಡಿ ನಗುತ್ತಿದ್ದರು. ದಾರಿಯುದ್ದಕ್ಕೂ ನಾನು ಒಂದೇ ಮಾತು ಸಿದ್ಧಮಾಡಿಕೊಂಡು ಹೋಗಿದ್ದೆ. ಕಾಕಾ, ನಾನು ಬತ್ತಿ ನೋಡಿದ್ದು ಒಂಬತ್ತಕ್ಕೆ, ಕಿಟಕಿ ಮುಚ್ಚಿಕೊಂಡು ಕೂತಿದ್ದೆ ಎಂದು ಹೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರು ಟವೆಲಿನಲ್ಲಿ ಸುತ್ತಿದ ಬಶಿಯನ್ನು ನನ್ನ ಕೈಗಿಟ್ಟರು. ಊರಲ್ಲಿ ಇದನ್ನು ಯಾರಿಗೆ ತೋರಿಸಲಿ, ಇದರ ಪರೀಕ್ಷೆ ಮಾಡಿದವರ ಹತ್ತಿರವೇ ಇರಲಿ ಎಂದರು. ಡ್ರೈವರು ಹಾರ್ನು ಹೊಡೆದ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅವರು ತಿರುಗಿದರು.

"ನೀವು ಮನಸಿಗೆ ಹಚ್ಕೋಬ್ಯಾಡ್ರಿ ಅಕ್ಕಾರ. ತಪ್ಪು ಯಾರರೇ ಮಾಡ್ತಾರ. ನೀವು ತಿಳದ ಕೂಡ್ಲೆ ಓಡಿ ಬಂದ್ರಿ, ಒಂದು ಕಾಲಾಗ ಚಪ್ಪಲಿ ಸೈತ ಇರಲಿಲ್ಲ. ನನಗ ಅಷ್ಟ ಸಾಕು."

ನಾನು ಹೂಂ ಎಂದೆ. ಬಸ್ಸು ಹೊರಟಿತು.